ಹದಿನೇಳನೆಯ ಚಕ್ಕೆ

ಗೋಣಿಕೊಪ್ಪಲು. ಭಾನುವಾರದ ಸಂತೆ ಇನ್ನೂ ಕಣ್ಣುಜ್ಜುತ್ತಿದೆ.
ಹಂದಿಮಾಂಸದ ಅಂಗಡಿಯ ಮೆಟ್ಟಿಲ ಮೇಲೆ ನಾನು,
ಮಡಿಲಲ್ಲಿ ಮೊಟ್ಟೆಯ ಟ್ರೇ,
ಗುಳಿಗೊಂದರಂತೆ ಇಪ್ಪತ್ತು ಕಲ್ಲಿನ ಚಕ್ಕೆ,
ಒಂದೊಂದರ ಬೆನ್ನಿಗೂ ಶಾಯಿಯ ನಂಬರು.

"ಚಕ್ಕೆ ಅಂದ್ರೆ ಲವಂಗದ ಜೊತೆ ಬರೋದಲ್ವಾ?"
ಎಂದರು ಪೆಮ್ಮಯ್ಯ, ಕತ್ತಿ ಮಸೆಯುತ್ತ.

ಅಲ್ಲ ಅಂದೆ.
ಐವತ್ತು ಸಾವಿರ ವರ್ಷದ ಹಿಂದೆ, ದೂರದ ಚಳಿಸೀಮೆಯಲ್ಲಿ
ನಿಯಾಂಡರ್ತಾಲ್ ಎಂಬ ಜನ ಇದ್ದರು.
ಈ ಕಡೆ ಬಂದವರಲ್ಲ.
ಅವರ ಕೈಯಲ್ಲಿ ಇಂಥ ಅಂಚಿತ್ತು.
ಇವು ನಾನೇ ಒಡೆದವು, ಭೀಮೆಯ ದಡದ ಚರ್ಟ್ ಕಲ್ಲು,
ಮೂರು ತಿಂಗಳು ಹಿಡಿಯಿತು, ಎರಡು ಉಗುರು ಹೋಯಿತು.
ನೀವು ಇವುಗಳಿಂದ ಕೊಯ್ಯಬೇಕು,
ನಾನು ಆಮೇಲೆ ಸೂಕ್ಷ್ಮದರ್ಶಕದಡಿ ಇಟ್ಟು
ಅಂಚು ಹೇಗೆ ಸವೆಯಿತು ನೋಡಬೇಕು.

ದನದ ಡಾಕ್ಟರು ಹಲ್ಲು ನೋಡುವ ಹಾಗೆ
ಅವರು ನನ್ನನ್ನು ನೋಡಿದರು.
"ಇದಕ್ಕೆ ಸಂಬಳ ಕೊಡ್ತಾರಾ?"
"ಸ್ವಲ್ಪ."

ಒಂದನೆಯದು ಜಾರಿತು.
ಎರಡನೆಯದು ಅವರ ಬೆರಳನ್ನೇ ಕೊಯ್ದಿತು, ಅರಿಸಿನ ಒತ್ತಿಕೊಂಡರು.
ಮೂರನೆಯದಕ್ಕೆ ಮಾತು ನಿಂತಿತು.
ತೊಗಲಿನಡಿಯ ಬಿಳಿ ಕೊಬ್ಬು
ಸದ್ದಿಲ್ಲದೆ ಹಾಳೆ ಹಾಳೆಯಾಗಿ ಬಿಟ್ಟುಕೊಟ್ಟಿತು.
ಬರೆದುಕೊಂಡೆ: ತೊಗಲು, ಹನ್ನೊಂದು ನಿಮಿಷ, ಎಳೆತ ಮೈಯ ಕಡೆಗೆ.
ಬರೆಯುತ್ತಲೇ ಕಂಡದ್ದು: ಎಡಗೈ.

"ಮೇಷ್ಟ್ರು ಹೊಡೆದು ಹೊಡೆದು
ಬರಿಯೋಕೆ ಬಲಗೈ ಮಾಡಿಸಿದ್ರು.
ಕತ್ತಿಗೆ ಮೇಷ್ಟ್ರು ಇರಲಿಲ್ಲ."

ಪೊಟ್ಟಣ ಕಟ್ಟಲು ಬಾಳೆನಾರು ಬೇಕಾಯಿತು.
ಒಂದು ತುದಿ ಹಲ್ಲಲ್ಲಿ, ಒಂದು ತುದಿ ಬಲಗೈಯಲ್ಲಿ,
ನಡುವೆ ಎಡಗೈಯ ಕಲ್ಲು, ಒಂದೇ ಎಳೆತ.
ನನ್ನ ಪೆನ್ನು ಅಲ್ಲೇ ನಿಂತಿತು.
ಅವರ ಮುಂಬಲ್ಲುಗಳ ಮೇಲೆ ಓರೆ ಗೀರುಗಳಿವೆ.
ಹೀಗೇ ಕಚ್ಚಿಹಿಡಿದು ಕೊಯ್ಯುವಾಗ ಕಲ್ಲು ತಪ್ಪಿ ತಾಗಿದ್ದು.
ಗೀರು ವಾಲಿದ ದಿಕ್ಕೇ ಕೈಯ ಗುರುತು, ಹೆಚ್ಚಿನವರು ಬಲಗೈಯವರು.
ಎಲ್ಲೋ ಒಂದೆರಡು ಬಾಯಲ್ಲಿ ಅದು ಆಚೆಗೆ ವಾಲಿದೆ.
ಆ ಒಂದೆರಡನ್ನು ಈವರೆಗೆ ನಾನು
ಶೇಕಡಾವಾರು ಎಂದು ಓದುತ್ತಿದ್ದೆ.

ಹೊತ್ತೇರಿದ ಮೇಲೆ ಬೊಳ್ಳವ್ವ ಬುತ್ತಿ ತಂದರು,
ಕಡುಬು, ಕಾಚಂಪುಳಿ ಹಾಕಿದ ಕಪ್ಪು ಸಾರು.
"ಅವರು ಹುಳಿಗೆ ಏನು ಹಾಕ್ತಿದ್ರು?"
ಗೊತ್ತಿಲ್ಲ. ಗೊತ್ತಿರುವುದು ಇಷ್ಟು:
ಭೂರ್ಜದ ತೊಗಟೆಯನ್ನು ಗಾಳಿ ಆಡದಂತೆ ಬೇಯಿಸಿ
ಇದರ ಹಾಗೇ ಕಪ್ಪಗಿನ ಅಂಟು ಇಳಿಸುತ್ತಿದ್ದರು,
ಕಲ್ಲನ್ನು ಮರದ ಹಿಡಿಗೆ ಕೂರಿಸಲು.
"ಹಾಗಾದ್ರೆ ಒಲೆ ಮುಂದೆ ಯಾರೋ ಕೂತಿರಬೇಕು," ಎಂದರು ಬೊಳ್ಳವ್ವ,
"ಎದ್ದು ಹೋದ್ರೆ ಸೀದು ಹೋಗುತ್ತೆ."
ಅದನ್ನೂ ಬರೆದುಕೊಂಡೆ,
ಯಾವ ಕಾಲಮ್ಮಿಗೆ ಸೇರಿಸುವುದೋ ತಿಳಿಯದೆ.

ಮಧ್ಯಾಹ್ನ ತೊಳೆದು ಎಣಿಸಿದರೆ ಹತ್ತೊಂಬತ್ತು.
ಹದಿನೇಳು ಇಲ್ಲ.
ಮರದ ಕೊರಡಿನ ಕೆಳಗೆ, ಚರಂಡಿಯಲ್ಲಿ, ತಕ್ಕಡಿಯ ತಟ್ಟೆಯಡಿ,
ಬಾಲ ಆಡಿಸುವ ನಾಯಿಯ ಬಾಯಲ್ಲೂ ಹುಡುಕಿದೆ.
ಅಗೆದ ನೆಲದ ಚೂರುಗಳನ್ನೆಲ್ಲ ಕೂಡಿಸಿ
ನಾವು ಕಲ್ಲನ್ನು ಮತ್ತೆ ಕಲ್ಲು ಮಾಡುತ್ತೇವೆ, ವಾರಗಟ್ಟಲೆ ಕೂತು.
ಕೊನೆಗೂ ಹೊಟ್ಟೆಯಲ್ಲೊಂದು ಟೊಳ್ಳು ಉಳಿಯುತ್ತದೆ,
ಚೆನ್ನಾಗಿ ಬಂದಿದ್ದ ಚಕ್ಕೆಯ ಆಕಾರದ ಟೊಳ್ಳು.
ಅದನ್ನು ಯಾರೋ ಎತ್ತಿಕೊಂಡು ನಡೆದರು.

ಮರೆತ ಛತ್ರಿಗೆ ಮರಳಿ ಬಂದಾಗ
ಅಂಗಡಿಯ ಹಿಂದೆ ಪೆಮ್ಮಯ್ಯ ಒಬ್ಬರೇ,
ಹಂದಿಕಾಲಿನ ಸುಟ್ಟ ಕೂದಲು ಹೆರೆಯುತ್ತಿದ್ದರು, ಎಡಗೈಯಲ್ಲಿ.
ನಡುವೆ ನಿಲ್ಲಿಸಿ, ಮೊಂಡಾದ ಅಂಚನ್ನು ಬೆಳಕಿಗೆ ಹಿಡಿದು
ಒಂದು ಮೂಳೆಯ ತುಂಡಿನಿಂದ ಮೆಲ್ಲಗೆ ತಟ್ಟಿದರು,
ಟಿಕ್, ಟಿಕ್,
ಸಣ್ಣ ಸಿಪ್ಪೆಗಳು ಸಿಮೆಂಟಿಗೆ ಉದುರಿದವು.
ನಾನದನ್ನು ಹೇಳಿಕೊಟ್ಟಿರಲಿಲ್ಲ.
ಛತ್ರಿ ತೆಗೆದುಕೊಳ್ಳದೆ ಬಂದೆ.

ಪಟ್ಟಿಯಲ್ಲಿ ಹದಿನೇಳರ ಎದುರು 'ಕಳೆದಿದೆ' ಎಂದಿತ್ತು.
ಬಸ್ಸು ತಿತಿಮತಿ ದಾಟುವಾಗ ಅದನ್ನು ಹೊಡೆದುಹಾಕಿ
ಬರೆದೆ: ಬಳಕೆಯಲ್ಲಿದೆ.