ಷರಾ

ದಾದಾಪೀರ್ ಸಾಬರು ತಂದಿಳಿಸಿದ್ದು
ಮಂಡಕ್ಕಿ ಚೀಲಗಳಲ್ಲಿ. ಒಟ್ಟು ಹನ್ನೊಂದು ಚೀಲ.
ಎರಡು ಸಲ ತಿರುಗಿದ ಆಟೋ ಬಾಡಿಗೆ
ತಾವೇ ಕೊಟ್ಟರು.
ನಾನು ಮ್ಯೂಸಿಯಂ ರಿಜಿಸ್ಟರು ಬಿಚ್ಚಿ ಕೂತಿದ್ದೆ, ಗೆರೆ ಹೊಡೆದು:
ಕ್ರಮಸಂಖ್ಯೆ, ವಸ್ತು, ಲೋಹ, ದಾನಿ, ಷರಾ.
ಒಂದು ಅಂತ ಬರೆಯಲು ಹೋದರೆ
"ಒಂದಲ್ರಿ, ಲಾಭ" ಅಂದರು.
ಚೌಕಿಪೇಟೆಯಲ್ಲಿ ಕಾಳು ಅಳೆಯುವವರು
ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲವಲ್ಲ,
ಲಾಭ, ಎರಡು, ಮೂರು...
ನಾನು ಬಾಯಲ್ಲಿ ಲಾಭ ಅಂದು
೧ ಅಂತ ಬರೆದೆ.

ಐವತ್ತು ವರ್ಷ ಕಲಾಯಿ ಹಾಕಿದ ಕೈ.
ನವಸಾಗರದ ಹೊಗೆಗೆ ಕೆಮ್ಮು ಕಲಿತ ಎದೆ.
ದಾವಣಗೆರೆಗೆ ಸ್ಟೀಲು ಬಂದ ವರ್ಷಗಳಲ್ಲಿ
ಹೆಂಗಸರು ಹಿತ್ತಾಳೆಯನ್ನು ತೂಕಕ್ಕೆ ಹಾಕುತ್ತಿದ್ದಾಗ
ಕರಗುವ ಮೊದಲೇ ಎತ್ತಿಟ್ಟುಕೊಂಡದ್ದಂತೆ
ಚಟಾಕು, ಪಾವು, ಅಚ್ಚೇರು, ಸೇರು,
ಕಂಠ ಹರಿದ ಒಂದು ಬಳ್ಳ.
ಕೂಲಿಯ ಬದಲು ಒಂದು ಪಾವು,
ಬೀಡಿ ಬಿಟ್ಟು ಒಂದು ಚಟಾಕು.
ಖೈರುನ್ ಬೀ ಅನ್ನುತ್ತಿದ್ದರಂತೆ:
"ಅಳೆಯಾಕೆ ನೂರಾ ನಲವತ್ತು ಅದಾವು ಮನ್ಯಾಗ,
ಅಳೆಯಾಕೆ ಅಕ್ಕಿ ಎಲ್ಲೈತಿ?"
ಹೇಳಿ ಅವರೇ ನಕ್ಕರು.
ಆಕೆ ಹೋಗಿ ಆರು ವರ್ಷ.

ಮೈಸೂರಿಂದ ಬಂದಿದ್ದ ಮೇಡಂ
ಚೆಂದದವು ಇಪ್ಪತ್ತು ಸಾಕು ಅಂದಿದ್ದರು,
ಗಾಜಿನ ಕಪಾಟು ಇರುವುದು ಒಂದೇ.
ಸಾಬರು ಒಪ್ಪಲಿಲ್ಲ.
ಡಬ್ಬಿಯಲ್ಲಿ ರಾಗಿ ತಂದಿದ್ದರು,
ಒಂದು ಸೇರಿಂದ ಇನ್ನೊಂದಕ್ಕೆ ಸುರಿದು ತೋರಿಸಿದರು.
ಇದರಲ್ಲಿ ಕಂಠಕ್ಕೆ ನಿಂತ ರಾಗಿ
ಅದರಲ್ಲಿ ಉಕ್ಕಿ ನೆಲಕ್ಕೆ ಬಿತ್ತು.
"ಬೆರಳು ಹಾಕ್ರಿ ಒಳಗೆ."
ಹಾಕಿದೆ. ತಳ ಚಪ್ಪಟೆಯಿರಲಿಲ್ಲ,
ಬೋರಲು ಬಟ್ಟಲಿನ ಹಾಗೆ ಮೇಲೆದ್ದಿತ್ತು.
"ಹೊರಗಿಂದ ಸುತ್ತಿಗೆ ಪೆಟ್ಟು. ಮೂರೋ ನಾಕೋ.
ಸೇರಿಗೊಂದು ಹಿಡಿ ಉಳೀತೈತಿ ಅಂಗಡಿಯವಂಗೆ.
ನಮ್ಮಪ್ಪನೂ ಹೊಡೆದುಕೊಟ್ಟಾನ್ರಿ ಇಂಥವು,
ಸೇರಿಗೆ ಎರಡಾಣೆ.
ನೆಟ್ಟಗಿರೋವಷ್ಟೇ ಇಟ್ಟುಕೊಂಡ್ರೆ ನೀವು,
ಈ ಊರಾಗೆ ಯಾರೂ ಹಸಿದಿದ್ದಿಲ್ಲ
ಅನ್ನಿಸ್ತೈತಿ ನೋಡಾಕೆ ಬಂದ ಹುಡುಗ್ರಿಗೆ."

ಸಂಜೆ ಹೊತ್ತಿಗೆ ನೂರಾ ಮೂವತ್ತೊಂಬತ್ತು ಬರೆದಿದ್ದೆ.
ಕೊನೆಯದನ್ನು ಅವರು ಚೀಲದಿಂದಲ್ಲ,
ಟವೆಲಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು
ನೀರು ಕುಡಿಯಲು ಹೊರಗೆ ಹೋದರು.
ಕಂಠದ ಕೆಳಗೆ ಉಳಿಯಲ್ಲಿ ಕೆತ್ತಿದ ಅಕ್ಷರ:
ಕೊ. ಬ. ಅಂಗಡಿ, ಚೌಕಿಪೇಟೆ.

ಕೊಟ್ರಬಸಪ್ಪ ನಮ್ಮಜ್ಜ.
ವಿಭೂತಿ ಹಚ್ಚಿ, ಗಲ್ಲಾಪೆಟ್ಟಿಗೆಗೆ ಕೈಮುಗಿದು
ಲಾಭ ಅನ್ನುತ್ತಿದ್ದ ದನಿ ಇನ್ನೂ ಕಿವಿಯಲ್ಲಿದೆ.
ಆ ಕಾಸಿನಲ್ಲೇ ಅಪ್ಪ ಓದಿದ್ದು, ನಾನು ಓದಿದ್ದು,
ಈ ರಿಜಿಸ್ಟರಿನ ದುಂಡನೆ ಅಕ್ಷರ ಕಲಿತದ್ದು.

ಬೆರಳು ಹಾಕಲು ತಡವಾಯಿತು.
ಹಾಕಿದೆ.

ಸಾಬರು ಬಂದು ಟವೆಲು ಕೊಡವಿದರು.
"ಬೇಕಿದ್ರೆ ಮನೀಗೆ ಒಯ್ರಿ.
ನೂರಾ ಮೂವತ್ತೊಂಬತ್ತಕ್ಕೂ ನನ್ನ ಲೆಕ್ಕ ಸರಿ ಆಗ್ತೈತಿ."
ಮತ್ತೇನೂ ಅನ್ನಲಿಲ್ಲ. ಕುಕ್ಕರಗಾಲಲ್ಲಿ ಕೂತು
ನೆಲದ ರಾಗಿ ಬಳಿಯತೊಡಗಿದರು,
ಒಂದು ಕಾಳೂ ಬಿಡದೆ.

೧೪೦. ಸೇರು. ಹಿತ್ತಾಳೆ.
ದಾನಿ: ದಾದಾಪೀರ್, ಕಲಾಯಿ ಕೆಲಸ.
ಷರಾ: ತಳ ಒಳಕ್ಕೆ ಉಬ್ಬಿದೆ.

ಬರೆದು, ಮಸಿ ಆರುವ ತನಕ ನೋಡುತ್ತ ಕೂತೆ.
ಉಬ್ಬಿದೆ. ತಾನೇ. ಬಿಸಿಲಿಗೆ, ಹಳತಾಗಿ,
ಹೆಂಚಿನ ಮೇಲೆ ರೊಟ್ಟಿ ಉಬ್ಬಿದ ಹಾಗೆ.
ಕನ್ನಡ ಎಷ್ಟು ದೊಡ್ಡ ಮನಸ್ಸಿನದು
ನಮ್ಮಂಥ ಮನೆತನಗಳಿಗೆ.

ಆಮೇಲೆ ಪದದ ನಡುವೆ ಹಂಸಪಾದ ಹಾಕಿ
ಮೇಲೆ ಸಣ್ಣದಾಗಿ
ಒಂದಕ್ಷರ ಸೇರಿಸಿದೆ: ಸಿ.

ಉಬ್ಬಿಸಿದೆ.
ಯಾರು ಅನ್ನುವುದಕ್ಕೆ
ಆ ಕಾಲಮ್ಮಿನಲ್ಲಿ ಜಾಗ ಉಳಿದಿರಲಿಲ್ಲ.
ಕಪಾಟಿನಲ್ಲಿಡುವಾಗ
ಕೆತ್ತಿದ ಮಗ್ಗುಲು ಗಾಜಿಗೋ ಗೋಡೆಗೋ,
ನಾಳೆ ನೋಡಬೇಕು.