ಕಾರಣದ ಕಾಲಂ

ಸೋಮವಾರ. ನಲವತ್ತೊಂದರಲ್ಲಿ ಹದಿನೇಳು.
ಗೈರುಹಾಜರಿಯ ಕಾರಣ: ಬ್ಲ್ಯಾಕ್‌ಬೆರಿ.
ಮಂಗಳವಾರ ಹದಿನಾಲ್ಕು. ‘ಅದೇ’ ಎಂದು ಬರೆದೆ.

ಇನ್ಸ್‌ಪೆಕ್ಟರರು ಕನ್ನಡಕದ ಮೇಲಿಂದ ನೋಡಿದರು:
"ಇದೇನು ಮಿಸ್ ಪ್ಯಾನೆಲ್, ಜ್ವರವೋ ಹಬ್ಬವೋ?"
ಬಣ್ಣದ ಗಿರಣಿಯವನು ಪೌಂಡಿಗೆ ಅರ್ಧ ಪೆನ್ನಿ ಕೊಡುತ್ತಾನೆ,
ಚಳಿಗಾಲಕ್ಕೆ ಬೂಟು ಬೇಕು,
ಬೂಟಿಲ್ಲದೆ ಶಾಲೆಗೆ ಬರುವುದು ಹೇಗೆ,
ಅನ್ನಲಿಲ್ಲ ನಾನು.

ಬುಧವಾರ ಕೆಜಾಯಾ ಸ್ಟಿಕ್‌ಲ್ಯಾಂಡ್ ಬಂದಳು,
ಮೊಣಕೈವರೆಗೆ ಗೀರು, ಹಲ್ಲೆಲ್ಲ ನೇರಳೆ.
"ಬಾಗಿ ನೆಲ ಕಚ್ಚಿದ ಮುಳ್ಳುಬಳ್ಳಿ ಸಿಕ್ಕಿತು ಮಿಸ್,
ಎರಡು ಕಡೆಯೂ ಬೇರು. ಅಂಥದ್ದೇ ಆಗಬೇಕು.
ತಮ್ಮನನ್ನು ಅದರಡಿ ಒಂಬತ್ತು ಸಲ ನುಸುಳಿಸಿದೆವು,
ನಾಯಿಕೆಮ್ಮು ಹೋಗಲಿ ಅಂತ."
ಹೋಯಿತೇ?
"ನುಸುಳುವಾಗಲೇ ಕೈ ಚಾಚಿ ಹಣ್ಣು ಕಿತ್ತು ತಿಂದ!"

ಮೈಕೆಲ್ಮಸ್ ಕಳೆದರೆ ಹಣ್ಣಿನ ಮೇಲೆ
ಸೈತಾನ ಉಗುಳುತ್ತಾನಂತೆ, ಡಾರ್ಸೆಟ್‌ನಲ್ಲಿ ಎಲ್ಲರಿಗೂ ಗೊತ್ತು.
ಉಗುಳಿದ. ಬೆಂಚುಗಳು ತುಂಬಿದವು.
ಸರ್ಕಾರದ ದಂಡಕ್ಕೆ ಬಗ್ಗದವರು
ಅವನ ಎಂಜಲಿಗೆ ಬಗ್ಗಿದರು.
ನಲವತ್ತೊಂದಕ್ಕೆ ನಲವತ್ತು.

ಕೆಜಾಯಾ ಗುರುವಾರ ಬಂದಳು, ತೋಳಿಗೆ ರಿಬ್ಬನ್ ಸುತ್ತಿ.
ಅಂಗಡಿಯ ಕರಿಬಟ್ಟೆಗೆ ಕಾಸೆಲ್ಲಿ,
ಮಾರದೆ ಉಳಿದ ಹಣ್ಣಿನಲ್ಲಿ ಕುದಿಸಿದ್ದು.
ಪೂರ್ತಿ ಕಪ್ಪಾಗಿರಲಿಲ್ಲ,
ಕಿಟಕಿಯ ಬೆಳಕಿಗೆ ನೇರಳೆ.

ನಿನ್ನೆಯವರೆಗಿನ ಅವಳ ಗೈರಿಗೆ ಕಾರಣ ಬರೆಯಲು
ಲೇಖನಿ ಅದ್ದಿ ಎಷ್ಟೋ ಹೊತ್ತು ಕೂತೆ.
ಮಸಿ ತುದಿಯಲ್ಲೇ ಒಣಗಿತು.
ಅವಳ ಕಾಲಲ್ಲಿ ಬೂಟಿತ್ತು,
ಹೊಸದು, ಒಂದಳತೆ ದೊಡ್ಡದು.