ಐವತ್ತು ಸೆಕೆಂಡು ಮುಂಚೆ

ಮೂವತ್ತು ಸೆಕೆಂಡಿಗೊಮ್ಮೆ ಪ್ರತಿ ಬಸ್ಸೂ
ಆಕಾಶಕ್ಕೆ ಹಾಜರಿ ಹಾಕುತ್ತದೆ:
ಇಲ್ಲಿದ್ದೇನೆ. ಈಗ ಇಲ್ಲಿ. ಇಗೋ, ಇಲ್ಲಿ.
ವಿನ್ನಿಪೆಗ್ಗಿನ ಕಚೇರಿಯ ನಾಲ್ಕನೇ ಮಹಡಿಯಲ್ಲಿ
ಲೆಸ್ಯಾ ಆ ಚುಕ್ಕಿಗಳನ್ನು ಕೂಡಿಸುತ್ತಾಳೆ,
ಗೆರೆ ಎಳೆದರೆ ಊರಗಲದ ರಂಗೋಲಿ,
ಎಳೆದಷ್ಟೂ ಹಿಮ ಮುಚ್ಚುವ ಅಂಗಳ.

ನಿಯಮ ಸರಳ:
ಒಂದು ನಿಮಿಷ ಮುಂಚೆ, ಐದು ನಿಮಿಷ ತಡ,
ಇದರೊಳಗೆ ಬಂದದ್ದೆಲ್ಲ ಹಸಿರು.
ಜನವರಿಯಲ್ಲಿ ನೂರಕ್ಕೆ ಎಂಬತ್ನಾಲ್ಕು ಹಸಿರು.
ಕಿಟಕಿಯಾಚೆ ಒಂದೆಲೆಯೂ ಇಲ್ಲ.

ಆ ಮಂಗಳವಾರ ಬೆಳಗಿನ ಐದು ನಲವತ್ತೊಂದರ ಬಸ್ಸು
ಐವತ್ತು ಸೆಕೆಂಡು ಮುಂಚೆ ಹೊರಟಿತು. ಹಸಿರು.
ಆಸ್ಪತ್ರೆಯ ನೆಲ ಒರೆಸುವ ಮಾರಿವಿಕ್
ಮೂಲೆ ತಿರುಗಿದ್ದು ಸರಿಯಾಗಿ ಐದು ನಲವತ್ತೊಂದಕ್ಕೆ.
ಕಂಡದ್ದು ಎರಡು ಕೆಂಪು ದೀಪ.
ಮುಂದಿನದು ಇಪ್ಪತ್ತೊಂಬತ್ತು ನಿಮಿಷಕ್ಕೆ,
ಅದು ವೇಳೆಗೇ ಬಂತು. ಅದೂ ಹಸಿರು.
ಸೊನ್ನೆಗಿಂತ ಮೂವತ್ತೊಂದು ಕೆಳಗೆ;
ಚಳಿಗೆಂದು ಪಟ್ಟಿಯಲ್ಲಿ ಕಾಲಮ್ಮಿಲ್ಲ.

ಅವಳ ದೂರು ಎರಡೇ ಸಾಲು:
"ನಾನು ತಡ ಮಾಡಲಿಲ್ಲ.
ನಿಮ್ಮ ಗಡಿಯಾರ ಯಾರ ಮನೆಯದು?"

ಲೆಸ್ಯಾ ಹೋಗಿ ಅದೇ ಕಂಬದ ಕೆಳಗೆ ನಿಂತಳು.
ಹನ್ನೊಂದನೇ ನಿಮಿಷಕ್ಕೆ ರೆಪ್ಪೆಗೆ ರೆಪ್ಪೆ ಅಂಟಿತು,
ಹದಿನಾಲ್ಕಕ್ಕೆ ಪೆನ್ನಿನ ಶಾಯಿ ಹೆಪ್ಪುಗಟ್ಟಿತು,
ಆಮೇಲಿನದನ್ನು ಬರೆದುಕೊಂಡಿಲ್ಲ.

ಹಿಂದಿರುಗಿ ನಿಯಮ ತಿದ್ದಿದಳು: ಮುಂಚೆ ಎಂಬುದೇ ಕೂಡದು.
ಎಂಬತ್ನಾಲ್ಕು ಅರವತ್ತೊಂಬತ್ತಕ್ಕೆ ಇಳಿಯಿತು.
ಮೇಲಧಿಕಾರಿ ಫ್ರೀಸೆನ್ ಕನ್ನಡಕ ತೆಗೆದ:
"ಒಂದೇ ರಾತ್ರಿಗೆ ಸೇವೆ ಕೆಟ್ಟಿತೆ?"
"ಬಸ್ಸು ಅದೇ. ತಕ್ಕಡಿಯ ಬಟ್ಟು ಸರಿ ಮಾಡಿದೆ."

ಎರಡನೇ ವಾರ ಚಾಲಕ ರೊಡೆಲಿಯೊ ಬಂದ,
ಕೈಯಲ್ಲಿ ಎಚ್ಚರಿಕೆಯ ಚೀಟಿ.
ಕೂರಲಿಲ್ಲ. ಟೋಪಿಯನ್ನೂ ತೆಗೆಯಲಿಲ್ಲ.
"ಕೊನೇ ನಿಲ್ದಾಣದಲ್ಲಿ ನನಗೆ ಮೂರು ನಿಮಿಷ.
ಶೌಚಾಲಯ ರಸ್ತೆಯಾಚೆ, ಡೋನಟ್ ಅಂಗಡಿಯಲ್ಲಿ.
ದಾರಿಯಲ್ಲಿ ಅಷ್ಟಿಷ್ಟು ಕದಿಯದೆ
ನಾನು ಉಚ್ಚೆ ಹೊಯ್ಯುವುದು ಯಾವಾಗ, ಹೇಳಿ."

ಲೆಸ್ಯಾ ನಕ್ಷೆ ತೆರೆದಳು. ಇತ್ತು.
ದಿನಕ್ಕೆ ಆರು ಸಲ
ಅಲುಗಾಡದೆ ನಿಲ್ಲುವ ಅದೇ ಚುಕ್ಕಿ.
ಎರಡು ವರ್ಷ ಅದನ್ನು ನೋಡಿದ್ದಳು,
ಸಿಗ್ನಲ್ ದೋಷವೆಂದು ಅಳಿಸುತ್ತ ಬಂದಿದ್ದಳು.

ವೇಳಾಪಟ್ಟಿಗೆ ನಾಲ್ಕು ನಿಮಿಷ ಕೂಡಿಸಲು ಅರ್ಜಿ ಹೋಗಿದೆ.
ನಾಲ್ಕು ನಿಮಿಷಕ್ಕೆ ಇನ್ನೊಂದು ಬಸ್ಸು ಬೇಕಂತೆ,
ಬಸ್ಸಿಗೆ ಬಜೆಟ್ಟು, ಬಜೆಟ್ಟಿಗೆ ಏಪ್ರಿಲ್ಲು.

ಅಲ್ಲಿಯವರೆಗೆ
ಮಾರಿವಿಕ್ ಹತ್ತು ನಿಮಿಷ ಮೊದಲೇ ಮನೆ ಬಿಡುತ್ತಾಳೆ,
ಕತ್ತಲಲ್ಲಿ ಕಾಲು ಬದಲಿಸುತ್ತ ನಿಲ್ಲುತ್ತಾಳೆ;
ಅವಳ ಹಾಜರಿ ಯಾವ ಆಕಾಶಕ್ಕೂ ಹೋಗುವುದಿಲ್ಲ.
ರೊಡೆಲಿಯೊ ಮಧ್ಯಾಹ್ನದವರೆಗೆ
ನೀರು ಕುಡಿಯುವುದಿಲ್ಲ.